ಬಲೆ ತಪ್ಪಿಸಿಕೊಂಡ ಮೀನಿನ ಲೆಕ್ಕ

ಜುಲೈ ತಿಂಗಳು ಬಂತೆಂದರೆ ರಾತ್ರಿ ಊಟ ಮುಗಿಸಿ ಮೊಬೈಲಿನಲ್ಲಿ ಕರಡಿ ನೋಡುವುದು ನನಗೊಂದು ಚಟ. ಇಲ್ಲಿ ರಾತ್ರಿ ಒಂಬತ್ತಾದರೆ ಅಲಾಸ್ಕಾದಲ್ಲಿ ಅದೇ ದಿನ ಬೆಳಗಿನ ಏಳೂವರೆ. ಅಲ್ಲಿನ ಕಟ್ಮೈ ರಾಷ್ಟ್ರೀಯ ಉದ್ಯಾನದಲ್ಲಿ ಬ್ರೂಕ್ಸ್ ಜಲಪಾತದ ಎದುರು ಕ್ಯಾಮೆರಾ ಇಟ್ಟಿದ್ದಾರೆ. ನೇರ ಪ್ರಸಾರ. ಜಲಪಾತ ಅಂದ ತಕ್ಷಣ ಜೋಗವನ್ನು ನೆನೆಸಿಕೊಳ್ಳಬೇಡಿ, ಇದರ ಎತ್ತರ ಆರೇ ಅಡಿ. ಅದರ ನೆತ್ತಿಯ ಮೇಲೆ ಕಂದು ಕರಡಿಯೊಂದು ನಾಲ್ಕು ಕಾಲೂರಿ, ಕತ್ತು ಮುಂದೆ ಚಾಚಿ, ಬಾಯಿ ಅರೆ ತೆರೆದು ನಿಂತಿರುತ್ತದೆ. ಹತ್ತು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಕೆಳಗಿನ ನೊರೆಯಿಂದ ಒಂದು ಮೀನು ಚಿಮ್ಮಿ ಸೀದಾ ಅದರ ಬಾಯಿಗೇ ಬಂದು ಬೀಳುತ್ತದೆ. ಕರಡಿ ಕದಲುವುದೂ ಇಲ್ಲ. ಬಾಯಿ ಮುಚ್ಚುತ್ತದೆ, ಅಷ್ಟೇ.

ಆ ಮೀನು, ಅಂದರೆ ಸಾಕೈ ಸಾಲ್ಮನ್, ಹಾಗೇ ಸುಮ್ನೆ ಬಂದದ್ದಲ್ಲ ಎಂದು ನನಗೆ ಗೊತ್ತಾದದ್ದು ತಡವಾಗಿ. ಬ್ರೂಕ್ಸ್ ನದಿ ನಾಕ್ನೆಕ್ ಸರೋವರ ಸೇರುತ್ತದೆ. ಆ ಸರೋವರದ ನೀರು ನಾಕ್ನೆಕ್ ನದಿಯಾಗಿ ಹರಿದು ಬ್ರಿಸ್ಟಲ್ ಬೇ ಎಂಬ ಕೊಲ್ಲಿಗೆ ಇಳಿಯುತ್ತದೆ. ಮೀನು ಬರುವುದು ಇದೇ ದಾರಿಯಲ್ಲಿ, ಉಲ್ಟಾ. ಕೊಲ್ಲಿಯ ಬಾಯಲ್ಲಿ ಸಾವಿರಾರು ಬಲೆಗಳನ್ನು ದಾಟಿ ಬಂದ ಮೀನನ್ನು ನದಿಯ ದಡದಲ್ಲಿ ಒಬ್ಬರು ಅಟ್ಟಣಿಗೆ ಮೇಲೆ ನಿಂತು ಎಣಿಸುತ್ತಾರೆ. ಕರಡಿಯ ಬಾಯಿಗೆ ಬಿದ್ದದ್ದು ಹೀಗೆ ಲೆಕ್ಕಕ್ಕೆ ಸಿಕ್ಕ ಮೀನು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಸಂತಾನ ಬೆಳೆಸುವ ಕಾಲ, ಬಿಟ್ಟುಬಿಡಿ ಅನ್ನುವುದು ಮುಖ್ಯ ಕಾರಣ. ಮಲೆನಾಡಿನಲ್ಲೂ ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನಿಗೆ ಕೂಣಿ ಇಡುವವರನ್ನು ‘ಮೊಟ್ಟೆ ಮೀನು ಕಣೋ, ಬಿಡೋ’ ಅಂತ ಗದರುವವರು ಇರುತ್ತಾರೆ. ಬ್ರಿಸ್ಟಲ್ ಬೇಯಲ್ಲಿ ಸರಿಯಾಗಿ ಅದೇ ಜೂನ್-ಜುಲೈನಲ್ಲಿ, ಮೊಟ್ಟೆ ಇಡಲೆಂದೇ ಬರುವ ಮೀನನ್ನೇ ಬಲೆ ಹಾಕಿ ಹಿಡಿಯುತ್ತಾರೆ. ಅದೂ ಅಷ್ಟಿಷ್ಟಲ್ಲ. 2022ರಲ್ಲಿ ಸುಮಾರು 7.9 ಕೋಟಿ ಮೀನು ಬಂದವು, ಅದರಲ್ಲಿ ಸುಮಾರು 6 ಕೋಟಿ ಬಲೆಗೆ ಬಿದ್ದವು. ಇಷ್ಟಾದರೂ ಜಗತ್ತಿನಲ್ಲಿ ಸಾಕೈ ಸಾಲ್ಮನ್ ಅತಿ ಹೆಚ್ಚು ಬರುವ ಜಾಗ ಇವತ್ತಿಗೂ ಇದೇ. ಹೇಗೆ?

ಮೊದಲು ಮೀನಿನ ಕಥೆ. ಸಾಲ್ಮನ್‌ಗಳಲ್ಲಿ ಹಲವು ಜಾತಿ, ಸಾಕೈ ಅದರಲ್ಲಿ ಒಂದು. (ನಮ್ಮಲ್ಲಿ ‘ಇಂಡಿಯನ್ ಸಾಲ್ಮನ್’ ಎಂದು ಮಾರುವ ರಾವಸ್ ಬೇರೆಯೇ ಕುಲದ್ದು.) ಸಾಕೈ ಹುಟ್ಟುವುದು ಸಿಹಿನೀರಿನ ತೊರೆಯ ಜಲ್ಲಿಕಲ್ಲುಗಳ ಅಡಿಯಲ್ಲಿ. ಮರಿ ಒಂದೆರಡು ವರ್ಷ ಸರೋವರದಲ್ಲಿ ಬೆಳೆಯುತ್ತದೆ, ಆಮೇಲೆ ಸಮುದ್ರಕ್ಕೆ ಇಳಿಯುತ್ತದೆ. ಅಲ್ಲಿ ಎರಡು ಮೂರು ವರ್ಷ ತಿಂದು ದಪ್ಪಗಾಗಿ ಹುಟ್ಟಿದ ತೊರೆಗೇ ವಾಪಸ್ ಬರುತ್ತದೆ. ಸಿಹಿನೀರಿಗೆ ಬಂದ ಮೇಲೆ ಊಟ ಬಂದ್. ಮೈಯಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸುತ್ತ ಈಜುತ್ತದೆ, ಮೊಟ್ಟೆ ಇಡುತ್ತದೆ, ಸಾಯುತ್ತದೆ.

ಸಮುದ್ರದಲ್ಲಿ ಇದರ ಮೈ ಬೆಳ್ಳಿ ಬಣ್ಣ, ಮಾಂಸ ಕಡು ಕೆಂಪು. ತೊರೆ ಸೇರುವ ಹೊತ್ತಿಗೆ ಎಲ್ಲ ತಲೆಕೆಳಗು. ಮೈ ಕೆಂಪು, ತಲೆ ಹಸಿರು, ಮಾಂಸ ಬಿಳಿಚಿಕೊಂಡಿರುತ್ತದೆ. ಬಣ್ಣ ಮಾಂಸದಿಂದ ಚರ್ಮಕ್ಕೆ ಸಾಗಿರುತ್ತದೆ. ಈ ಬಣ್ಣದ ಹೆಸರು ಅಸ್ಟಾಕ್ಸಾಂಥಿನ್. ಹೆಸರು ಹೊಸದಿರಬಹುದು, ಬಣ್ಣ ನಿಮಗೆ ಗೊತ್ತಿರುವುದೇ. ಸಿಗಡಿಯನ್ನು ಬಾಣಲೆಗೆ ಹಾಕಿದ ಎರಡೇ ನಿಮಿಷಕ್ಕೆ ಬೂದು ಹೋಗಿ ಕೆಂಪು ಬರುತ್ತಲ್ಲ, ಅದೇ ಇದು. ಹಸಿ ಸಿಗಡಿಯಲ್ಲಿ ಒಂದು ಪ್ರೋಟೀನು ಈ ಬಣ್ಣವನ್ನು ಹಿಡಿದಿಟ್ಟಿರುತ್ತದೆ, ಬಿಸಿಗೆ ಆ ಹಿಡಿತ ಬಿಡುತ್ತದೆ. ಸಾಕೈ ಸಮುದ್ರದಲ್ಲಿ ತಿನ್ನುವುದು ಸಿಗಡಿಯ ಸಂಬಂಧಿಗಳಾದ ಸಣ್ಣ ಸಣ್ಣ ಜೀವಿಗಳನ್ನೇ ಜಾಸ್ತಿ. ಕೆಂಪು ಬರುವುದು ಅಲ್ಲಿಂದ. ಸಾಕಿದ ಸಾಲ್ಮನ್‌ಗೆ ಇದೇ ಬಣ್ಣವನ್ನು ಮೇವಿನಲ್ಲಿ ಬೆರೆಸಿ ಕೊಡುತ್ತಾರೆ. ಅಲಾಸ್ಕಾದಲ್ಲಿ ಮೀನು ಸಾಕುವುದಕ್ಕೆ 1990ರಿಂದ ಕಾನೂನಿನ ತಡೆ ಇದೆ. ಕೆಲವು ಕಡೆ ಹ್ಯಾಚರಿಯಲ್ಲಿ ಮರಿ ಮಾಡಿ ಸಮುದ್ರಕ್ಕೆ ಬಿಡುವುದುಂಟು. ಬ್ರಿಸ್ಟಲ್ ಬೇಯಲ್ಲಿ ಅದೂ ಇಲ್ಲ.

ಈಗ ಅಟ್ಟಣಿಗೆಗೆ ಬರೋಣ.

ನದಿಯ ಎರಡೂ ದಡದಲ್ಲಿ ಒಂದೊಂದು ಅಟ್ಟಣಿಗೆ. ಮೇಲೆ ಒಬ್ಬರು, ಕಣ್ಣಿಗೆ ನೀರಿನ ಹೊಳಪು ಕಳೆಯುವ ಪೋಲರಾಯ್ಡ್ ಕನ್ನಡಕ, ಕೈಯಲ್ಲಿ ಒತ್ತಿದರೆ ಒಂದು ಅಂಕಿ ಮುಂದೆ ಹೋಗುವ ಪುಟ್ಟ ಯಂತ್ರ. ಸಾಲ್ಮನ್ ನಡುನೀರಿನ ಸೆಳೆತಕ್ಕೆ ಎದೆ ಕೊಟ್ಟು ದಣಿಯುವುದಿಲ್ಲ, ದಡದ ಪಕ್ಕದ ನಿಧಾನದ ನೀರಿನಲ್ಲಿ ಸಾಲುಗಟ್ಟಿ ಏರುತ್ತದೆ. ಹಾಗಾಗಿ ದಡದಿಂದಲೇ ಎಣಿಸಬಹುದು. ಗಂಟೆಗೆ ಹತ್ತು ನಿಮಿಷ ಎಣಿಕೆ. ಬಂದದ್ದನ್ನು ಆರರಿಂದ ಗುಣಿಸಿದರೆ ಆ ಗಂಟೆಯ ಲೆಕ್ಕ. ಆಮೇಲೆ ಆಚೆ ದಡ. ಹಗಲು ರಾತ್ರಿ ಪಾಳಿಯ ಮೇಲೆ ಇದೇ ಕೆಲಸ. 1950ರ ದಶಕದಿಂದ ಹೀಗೇ ನಡೆದಿದೆ. ನುಷಗಾಕ್‌ನಂಥ ಕೆಸರು ನೀರಿನ ನದಿಯಲ್ಲಿ ಮಾತ್ರ ಶಬ್ದದ ಅಲೆಯಿಂದ ಮೀನು ಗುರುತಿಸುವ ಸೋನಾರ್ ಬಳಸುತ್ತಾರೆ. ಉಪಗ್ರಹದ ಕಾಲದಲ್ಲಿ ಕೋಟ್ಯಂತರ ಡಾಲರ್ ವ್ಯಾಪಾರವೊಂದು ಹೆಬ್ಬೆರಳಿನ ಮೇಲೆ ನಿಂತಿದೆ ಅನ್ನುವುದು ನನಗಂತೂ ತುಂಬಾ ಇಷ್ಟವಾದ ವಿಷಯ.

ಹೀಗೆ ಎಣಿಸಿದ ಮೀನಿಗೆ ಅಲ್ಲಿನವರು ಎಸ್ಕೇಪ್‌ಮೆಂಟ್ ಅನ್ನುತ್ತಾರೆ. ಬಲೆ ತಪ್ಪಿಸಿಕೊಂಡು ಹೋದವು ಎಂದರ್ಥ. ಒಂದೊಂದು ನದಿಗೂ ಇಷ್ಟು ಮೀನು ಮೇಲೆ ಹೋಗಲೇಬೇಕು ಎಂಬ ಗುರಿ ಇದೆ. ನಾಕ್ನೆಕ್‌ಗೆ ಅದು 8 ಲಕ್ಷದಿಂದ 20 ಲಕ್ಷ. ಎಣಿಕೆ ಹಿಂದೆ ಬಿದ್ದರೆ ಬಲೆ ಮೇಲೆತ್ತಬೇಕು. ಮುಂದಿದ್ದರೆ ಮೀನುಗಾರಿಕೆಗೆ ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಎಂದು ರೇಡಿಯೋದಲ್ಲಿ ಘೋಷಣೆ. ದೋಣಿಗಳು ಅದಕ್ಕೇ ಕಿವಿ ಕೊಟ್ಟು ಕಾಯುತ್ತವೆ. ಅಂದರೆ ಇಲ್ಲಿನ ಮೂಲ ಪ್ರಶ್ನೆ ಎಷ್ಟು ಹಿಡಿದಿರಿ ಅನ್ನುವುದಲ್ಲ, ಎಷ್ಟು ಬಿಟ್ಟಿರಿ ಅನ್ನುವುದು.

ಮಿಕ್ಕಿದ್ದನ್ನು ಹಿಡಿದರೆ ನಷ್ಟ ಯಾಕಿಲ್ಲ? ಒಂದು ಹೆಣ್ಣು ಸಾಕೈ ಮೂರು ಸಾವಿರದ ಆಸುಪಾಸು ಮೊಟ್ಟೆ ಇಡುತ್ತದೆ. ಸಂತತಿ ಹಾಗೇ ಉಳಿಯಲು ಅದರಲ್ಲಿ ಎರಡು ಬದುಕಿ ವಾಪಸ್ ಬಂದರೂ ಸಾಕು. ತೊರೆಯಲ್ಲಿ ಜಾಗವೂ ಅಷ್ಟೇ ಇರುವುದು. ಜಾಸ್ತಿ ಮೀನು ನುಗ್ಗಿದರೆ ತಡವಾಗಿ ಬಂದವು ಮೊದಲು ಬಂದವುಗಳ ಗೂಡನ್ನೇ ಬಾಲದಿಂದ ಅಗೆದು ಹಾಕುತ್ತವೆ. ಮರಿಗಳು ಹೆಚ್ಚಾದರೆ ಸರೋವರದಲ್ಲಿ ತಿನ್ನಲು ಸಾಲದು. ಕೆನಡಾದ ವಿಜ್ಞಾನಿ ಬಿಲ್ ರಿಕರ್ 1954ರಲ್ಲಿ ಇದನ್ನೇ ಗಣಿತಕ್ಕೆ ಇಳಿಸಿದರು. ತಾಯಿ ಮೀನು ಹೆಚ್ಚಿದಂತೆ ಮರಿ ಹೆಚ್ಚುತ್ತದೆ, ಒಂದು ಹಂತ ದಾಟಿದ ಮೇಲೆ ಕಡಿಮೆಯಾಗುತ್ತದೆ. ಅವರ ಆ ಗುಡ್ಡದಾಕಾರದ ಗೆರೆ ಇವತ್ತಿಗೂ ಈ ಗುರಿಗಳ ಹಿಂದೆ ಇದೆ.

ಮೊದಲಿನಿಂದಲೂ ಇಷ್ಟು ಬುದ್ಧಿ ಇತ್ತು ಅಂದುಕೊಳ್ಳಬೇಡಿ. ಇಲ್ಲಿ ಮೀನನ್ನು ಡಬ್ಬಿಗೆ ತುಂಬುವ ಕ್ಯಾನರಿಗಳು 1880ರ ದಶಕದಲ್ಲೇ ಬಂದವು. ಅಲಾಸ್ಕಾದ ಉದ್ದಕ್ಕೂ ಮನಸ್ಸಿಗೆ ಬಂದಂತೆ ಹಿಡಿದು, 1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಾಲ್ಮನ್ ನಂಬಿದ ಊರುಗಳನ್ನು ವಿಪತ್ತಿನ ಪ್ರದೇಶ ಎಂದು ಘೋಷಿಸುವ ಸ್ಥಿತಿ ಬಂತು. 1959ರಲ್ಲಿ ಅಲಾಸ್ಕಾ ರಾಜ್ಯವಾದಾಗ ಜಾರಿಗೆ ಬಂದ ಸಂವಿಧಾನದಲ್ಲೇ, ಮುಂದಿನವರಿಗೂ ಉಳಿಯುವ ಹಾಗೆ ಮೀನು ಹಿಡಿಯಬೇಕು ಎಂದು ಬರೆದುಕೊಂಡಿದ್ದರು. ಬ್ರಿಸ್ಟಲ್ ಬೇಯಲ್ಲಿ 1951ರವರೆಗೆ ಎಂಜಿನ್ ದೋಣಿಗೆ ಅನುಮತಿಯೇ ಇರಲಿಲ್ಲ, ಹಾಯಿ ದೋಣಿಯೇ ಗತಿ. ಈಗಲೂ ದೋಣಿ 32 ಅಡಿ ಮೀರುವಂತಿಲ್ಲ. ಉದ್ದಕ್ಕೆ ಮಿತಿ ಇದೆ, ಅಗಲಕ್ಕೆ ಇಲ್ಲ. ಹಾಗಾಗಿ ದೋಣಿಗಳು ವರ್ಷದಿಂದ ವರ್ಷಕ್ಕೆ ಅಡ್ಡಡ್ಡ ಬೆಳೆದಿವೆ!

ಜಲಪಾತದ ಬಳಿಗೆ ರಸ್ತೆ ಇಲ್ಲ. ಕಿಂಗ್ ಸಾಲ್ಮನ್ ಎಂಬ ಊರಿನಿಂದ (ಹೌದು, ಊರಿನ ಹೆಸರೇ ಅದು) ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲೋ ದೋಣಿಯಲ್ಲೋ ಹೋಗಬೇಕು. ಇಳಿದವರಿಗೆಲ್ಲ ಮೊದಲು ಪಾಠ. ಕರಡಿಯಿಂದ ಕನಿಷ್ಠ 45 ಮೀಟರ್ ದೂರ ಇರಿ, ತಿಂಡಿ ಹೊತ್ತು ತಿರುಗಬೇಡಿ, ಎದುರು ಬಂದರೆ ಓಡಬೇಡಿ, ದಾರಿ ಬಿಡಿ. ಗಾಳ ಹಾಕಿ ನಿಂತವರ ಬಳಿ ಕರಡಿ ಬಂದರೆ ದಾರ ಕತ್ತರಿಸಿ ಮೀನನ್ನು ಹೋಗಲು ಬಿಡಬೇಕು. ಕಾರಣ ಸರಳ. ಗಾಳದವನು ಅಂದರೆ ಸುಲಭದ ಊಟ ಎಂದು ಕರಡಿ ಒಮ್ಮೆ ಕಲಿತರೆ ಆ ಪಾಠ ಮರೆಸಲು ಆಗುವುದಿಲ್ಲ.

ಕರಡಿಗಳಲ್ಲಿ ನನ್ನ ಮೆಚ್ಚಿನದು 480ನೇ ನಂಬರಿನ ಓಟಿಸ್. ಮುದುಕ. ಹಲ್ಲು ಸವೆದು ಕೆಲವು ಬಿದ್ದೂ ಹೋಗಿದ್ದವು. ಎಳೆಯವು ನೀರಿನಲ್ಲಿ ಅಡ್ಡಾದಿಡ್ಡಿ ಓಡಾಡಿ ಸುಸ್ತಾಗುವಾಗ ಇದು ಜಲಪಾತದ ಬದಿಯ ತನ್ನ ಮಾಮೂಲಿ ಮೂಲೆಯಲ್ಲಿ ಕೂತೇ ಇರುತ್ತಿತ್ತು, ಮೀನು ಬರುವತನಕ. ಯಾವ ಕರಡಿ ಹೆಚ್ಚು ದಪ್ಪಗಾಯಿತು ಎಂದು ಜನ ಮತ ಹಾಕುವ ‘ಫ್ಯಾಟ್ ಬೇರ್ ವೀಕ್’ 2014ರಲ್ಲಿ ಶುರುವಾಯಿತು. ಓಟಿಸ್ ನಾಲ್ಕು ಸಲ ಗೆದ್ದಿದೆ. ತಮಾಷೆಯಾಗಿ ಕಂಡರೂ ಕರಡಿಗೆ ಇದು ಬದುಕಿನ ಪ್ರಶ್ನೆ. ಚಳಿಗಾಲದ ನಿದ್ದೆಯಲ್ಲಿ ತೂಕದ ಮೂರನೇ ಒಂದು ಪಾಲಿನಷ್ಟು ಇಳಿದುಹೋಗಬಹುದು. ಮೀನು ಹೇರಳವಾಗಿದ್ದಾಗ ಕರಡಿ ಇಡೀ ಮೀನು ತಿನ್ನುವುದೂ ಇಲ್ಲ. ಚರ್ಮ, ಮಿದುಳು, ಮೊಟ್ಟೆ, ಅಂದರೆ ಕೊಬ್ಬು ಎಲ್ಲಿದೆಯೋ ಅಷ್ಟನ್ನು ತಿಂದು ಉಳಿದದ್ದನ್ನು ಎಸೆಯುತ್ತದೆ. ನೋಡಿದರೆ ದಂಡ ಅನ್ನಿಸುತ್ತದೆ, ಅಲ್ವಾ?

ದಂಡವಲ್ಲ ಎಂದು ತೋರಿಸಿದ ಪ್ರಯೋಗವೊಂದಿದೆ. ತಮಾಷೆ ಅಂದರೆ ಅದು ಪ್ರಯೋಗವಾಗಿ ಶುರುವಾಗಿರಲೇ ಇಲ್ಲ. ಬ್ರಿಸ್ಟಲ್ ಬೇಗೇ ಸೇರುವ ವುಡ್ ನದಿಯ ಸರೋವರಗಳ ಬಳಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 1940ರ ದಶಕದಿಂದ ಬೀಡು ಬಿಟ್ಟಿದ್ದಾರೆ. ಅಲ್ಲಿ ಹ್ಯಾನ್ಸನ್ ಕ್ರೀಕ್ ಎಂಬ ಪುಟ್ಟ ತೊರೆ, ಉದ್ದ ಸುಮಾರು ಎರಡು ಕಿಲೋಮೀಟರ್. ನೀರು ಎಷ್ಟು ತೆಳು ಎಂದರೆ ಈಜುವ ಮೀನಿನ ಬೆನ್ನು ಹೊರಗೆ ಕಾಣುತ್ತದೆ. ವಿದ್ಯಾರ್ಥಿಗಳು ತೊರೆಯಲ್ಲಿ ನಡೆಯುತ್ತ ಬದುಕಿದ ಮೀನು, ಸತ್ತ ಮೀನು ಎರಡನ್ನೂ ಎಣಿಸಬೇಕು. ಇವತ್ತು ಎಣಿಸಿದ ಸತ್ತ ಮೀನನ್ನೇ ನಾಳೆ ಮತ್ತೆ ಎಣಿಸಿಬಿಟ್ಟರೆ? ಅದಕ್ಕೊಂದು ಉಪಾಯ ಮಾಡಿದರು. ಎಣಿಸಿದ ಹೆಣವನ್ನೆಲ್ಲ ಎತ್ತಿ ದಡಕ್ಕೆ ಎಸೆಯುವುದು. ಅದೂ ಒಂದೇ ದಡಕ್ಕೆ, ಎಡಕ್ಕೆ.

ಇಪ್ಪತ್ತು ವರ್ಷ ಎಸೆದರು. ಸುಮಾರು 2,67,000 ಕೆ.ಜಿ. ಮೀನು. ಆ ವಾಸನೆ ಹೇಗಿದ್ದಿರಬಹುದು, ನೀವೇ ಊಹಿಸಿ. ಆಮೇಲೆ ಅದೇ ವಿಶ್ವವಿದ್ಯಾಲಯದ ಟಾಮ್ ಕ್ವಿನ್ ಮತ್ತು ಜೊತೆಯವರು ಎರಡೂ ದಡದ ಸ್ಪ್ರೂಸ್ ಮರಗಳಿಗೆ ಸಣ್ಣ ರಂಧ್ರ ಕೊರೆದು ವರ್ಷದ ಬಳೆಗಳನ್ನು ಅಳೆದರು. ಮೊದಲು ನಿಧಾನವಾಗಿ ಬೆಳೆಯುತ್ತಿದ್ದ ಎಡದಂಡೆಯ ಮರಗಳು ಮೀನು ಬೀಳತೊಡಗಿದ ಮೇಲೆ ವೇಗ ಹೆಚ್ಚಿಸಿಕೊಂಡಿದ್ದವು. 2018ರಲ್ಲಿ ಇದು ಪ್ರಕಟವಾಯಿತು. ಗೊಬ್ಬರ ಮೀನಿನದ್ದೇ ಎಂದು ಹೇಳುವುದು ಹೇಗೆ? ಸಾರಜನಕದಲ್ಲಿ 14 ಮತ್ತು 15 ಎಂಬ ಎರಡು ತೂಕದ ಪರಮಾಣುಗಳಿವೆ. ಸಮುದ್ರದಲ್ಲಿ ಒಂದನ್ನೊಂದು ತಿನ್ನುತ್ತ ಹೋದಂತೆ ಭಾರದ 15 ಮೈಯಲ್ಲಿ ಹೆಚ್ಚುತ್ತ ಹೋಗುತ್ತದೆ. ಅದು ಮರದ ಎಲೆಯಲ್ಲಿ ಮಾಮೂಲಿಗಿಂತ ಹೆಚ್ಚು ಸಿಕ್ಕಿದರೆ ಸಮುದ್ರದ ಮೀನು ಅಲ್ಲಿಗೆ ಬಂದಿತ್ತು ಎಂದೇ ಲೆಕ್ಕ. ಹ್ಯಾನ್ಸನ್ ಕ್ರೀಕಿನಲ್ಲಿ ಮನುಷ್ಯರು ಒಂದೇ ಕಡೆಗೆ ಎಸೆದರು. ಕರಡಿಗಳು ಈ ಕೆಲಸವನ್ನು ಸಾವಿರಾರು ವರ್ಷಗಳಿಂದ ಎರಡೂ ಕಡೆಗೆ ಮಾಡುತ್ತಿವೆ.

ಇನ್ನೊಂದು ಮಾತು. ಸಾಕೈ ತನ್ನ ತೊರೆಯನ್ನು ಗುರುತಿಸುವುದು ವಾಸನೆಯಿಂದ. ವಿಸ್ಕಾನ್ಸಿನ್‌ನ ಆರ್ಥರ್ ಹ್ಯಾಸ್ಲರ್ 1950ರ ದಶಕದಲ್ಲಿ ಈ ವಿಚಾರ ಮುಂದಿಟ್ಟರು. ಆಮೇಲೆ ಸಾಲ್ಮನ್ ಮರಿಗಳಿಗೆ ಒಂದು ರಾಸಾಯನಿಕದ ವಾಸನೆ ಹಿಡಿಸಿ, ಅದೇ ವಾಸನೆ ಬೆರೆಸಿದ ತೊರೆಗೆ ಅವು ವಾಪಸ್ ಬರುವುದನ್ನೂ ತೋರಿಸಿದರು. ತನ್ನ ತೊರೆಗೇ ಬರುವುದರಿಂದ ಒಂದೊಂದು ತೊರೆಯ ಮೀನೂ ಒಂದೊಂದು ಒಕ್ಕಲು ಇದ್ದ ಹಾಗೆ. ಕೆಲವು ಬೇಗ ಬರುತ್ತವೆ, ಕೆಲವು ತಡ. ಕೆಲವು ತೆಳುನೀರಿಗೆ ಒಗ್ಗಿವೆ, ಕೆಲವು ಸರೋವರದ ದಂಡೆಗೆ. ಇಂಥ ನೂರಾರು ಒಕ್ಕಲು ಬ್ರಿಸ್ಟಲ್ ಬೇಯಲ್ಲಿವೆ. ನಮ್ಮ ರೈತರ ಅಕ್ಕಡಿ ಸಾಲಿನ ಹಾಗೆ, ಒಂದು ಕೈಕೊಟ್ಟ ವರ್ಷ ಇನ್ನೊಂದು ಕೈಹಿಡಿಯುತ್ತದೆ. ಎಲ್ಲವೂ ಒಂದೇ ತೆರನಾಗಿದ್ದರೆ ಮೀನುಗಾರಿಕೆಯನ್ನು ಪೂರ್ತಿ ಮುಚ್ಚಬೇಕಾದ ವರ್ಷಗಳು ಹತ್ತು ಪಟ್ಟು ಹೆಚ್ಚಾಗುತ್ತಿದ್ದವು ಎಂದು 2010ರಲ್ಲಿ ಡೇನಿಯಲ್ ಷಿಂಡ್ಲರ್ ತಂಡ ಲೆಕ್ಕ ಹಾಕಿತು. ಇವೇ ನದಿಗಳ ನೆತ್ತಿಯಲ್ಲಿ ತಾಮ್ರ ಮತ್ತು ಚಿನ್ನದ ದೊಡ್ಡ ಗಣಿ ಬರುವುದಿತ್ತು. 2023ರ ಜನವರಿಯಲ್ಲಿ ಅಮೆರಿಕದ ಪರಿಸರ ಸಂಸ್ಥೆ ಅದಕ್ಕೆ ತಡೆ ಹಾಕಿತು.

ಹಾಗಂತ ಎಣಿಸಿದರೆ ಎಲ್ಲ ಸರಿಹೋಗುತ್ತದೆ ಎಂದೇನಿಲ್ಲ. ಬ್ರಿಸ್ಟಲ್ ಬೇಯಲ್ಲಿ ದಾಖಲೆ ಮುರಿಯುತ್ತಿದ್ದ ಅದೇ ವರ್ಷಗಳಲ್ಲಿ ಉತ್ತರದ ಯೂಕಾನ್ ನದಿಯಲ್ಲಿ ಕಿಂಗ್ ಸಾಲ್ಮನ್ ಎಂಬ ಇನ್ನೊಂದು ಜಾತಿಯ ಮೀನಿನ ಸಂಖ್ಯೆ ಕುಸಿದುಹೋಯಿತು. ನೀರು ಬಿಸಿಯಾಗಿದೆ, ಮೀನಿಗೆ ಪರಾವಲಂಬಿಯ ರೋಗ ಬಡಿದಿದೆ, ಸಮುದ್ರದಲ್ಲಿ ಬೇರೆ ಮೀನಿನ ಬಲೆಗೂ ಸಿಕ್ಕಿಬೀಳುತ್ತಿದೆ. ಯಾವುದರ ಪಾಲು ಎಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ಯೂಕಾನ್ ನದಿಯ ಕೆಳಗಿನ ಊರುಗಳ ಯೂಪಿಕ್ ಜನರ ಭಾಷೆಯಲ್ಲಿ ಮೀನಿಗೂ ಊಟಕ್ಕೂ ಒಂದೇ ಪದ, ನೆಕಾ. 2024ರಲ್ಲಿ ಅಮೆರಿಕದ ಅಲಾಸ್ಕಾ ಮತ್ತು ಕೆನಡಾ ಸೇರಿ ಯೂಕಾನ್‌ನಲ್ಲಿ ಏಳು ವರ್ಷ ಕಿಂಗ್ ಸಾಲ್ಮನ್ ಹಿಡಿಯಬಾರದು ಎಂದು ಒಪ್ಪಂದ ಮಾಡಿಕೊಂಡವು. ಕೆನಡಾದ ಗಡಿ ದಾಟಿ 71,000 ಮೀನು ಹೋಗಬೇಕು ಎಂಬುದು ಗುರಿ. ಮೀನು ಒಣಗಿಸಿ ಹೊಗೆ ಕೊಡುತ್ತಿದ್ದ ದಡದ ಚಪ್ಪರಗಳಲ್ಲಿ ಈಗ ಕಿಂಗ್ ಸಾಲ್ಮನ್ ತೂಗುವುದಿಲ್ಲ. ಆದರೂ ಪ್ರತಿ ಬೇಸಿಗೆ ಗಡಿಯ ಹತ್ತಿರದ ಈಗಲ್ ಎಂಬ ಊರಿನ ಬಳಿ ಸೋನಾರನ್ನು ನೀರಿಗೆ ಇಳಿಸುತ್ತಾರೆ, ಮೇಲೆ ಹೋಗುವ ಮೀನನ್ನು ಎಣಿಸಲು.