ಕೆಂಪು ಚುಕ್ಕೆಗೆ ಬಾಲ ಬಂದಾಗ

ತೋಟಕ್ಕೆ ನುಗ್ಗುವ ಹಂದಿಯನ್ನು ಹೊಡೆಸಲು ಆದೇಶ ಕೊಡುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರ ಪಂಚಾಯತ್ ಅಧ್ಯಕ್ಷರಿಗೇ ಕೊಟ್ಟ ಮೇಲೆ, ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ ಕಡೆಯ ಕೋವಿ ಲೈಸೆನ್ಸಿನವರು ಕಣ್ಣು ತೋರಿಸಲು ಬರುವುದು ಹೆಚ್ಚಾಗಿದೆ. ದೂರು ಹೆಚ್ಚುಕಡಿಮೆ ಒಂದೇ: "ಡಾಕ್ಟ್ರೇ, ಕೋವಿಗೆ ರೆಡ್ ಡಾಟ್ ಹಾಕಿಸಿದೆ. ಹಗಲು ಅಡ್ಡಿಯಿಲ್ಲ, ರಾತ್ರಿ ಚುಕ್ಕೆಗೆ ಬಾಲ ಬರ್ತದೆ ಮಾರಾಯ್ರೇ." ರೆಡ್ ಡಾಟ್ ಅಂದರೆ ಗುರಿ ಹಿಡಿಯಲು ಕೋವಿಯ ಮೇಲೆ ಕೂರಿಸುವ, ಗಾಜಿನಲ್ಲಿ ಹೊಳೆಯುವ ಕೆಂಪು ಚುಕ್ಕೆ ತೋರಿಸುವ ಸಾಧನ (ಸೈಟ್). ಕೆಲವರಿಗೆ ಒಂದು ಚುಕ್ಕೆ ಮೂರಾಗುತ್ತದೆ. ಗುಮಾನಿ ಮಾತ್ರ ಎಲ್ಲರದ್ದೂ ಮಾರಿದವನ ಮೇಲೆ.

ಮೊದಲು ಒಂದು ಪರೀಕ್ಷೆ ಮಾಡಿ. ತೋಟೆ ತೆಗೆದ ಕೋವಿಯನ್ನು ಮೇಜಿನ ಮೇಲಿಟ್ಟು, ಬೆಳಕು ತಗ್ಗಿಸಿ, ಸೈಟಿನ ಹಿಂದಿನಿಂದ ಮೊಬೈಲಿನಲ್ಲಿ ಚುಕ್ಕೆಯ ಫೋಟೋ ತೆಗೆಯಿರಿ. ಫೋಟೋದಲ್ಲಿ ಚುಕ್ಕೆ ದುಂಡಗಿದ್ದರೆ ಸೈಟ್ ಸರಿಯಿದೆ. ಇನ್ನೂ ಅನುಮಾನವಿದ್ದರೆ, ಚುಕ್ಕೆಯನ್ನು ನೋಡುತ್ತಲೇ ಕೋವಿಯನ್ನು ಮಗ್ಗುಲಿಗೆ ಹೊರಳಿಸಿ. ಬಾಲವೂ ಜೊತೆಗೆ ತಿರುಗಿದರೆ ದೋಷ ಸೈಟಿನದ್ದು, ಇದ್ದ ದಿಕ್ಕಿಗೇ ನಿಂತರೆ ಕಣ್ಣಿನದ್ದು.

ಕಣ್ಣಿನ ಈ ದೋಷವೇ ಆಸ್ಟಿಗ್ಮಾಟಿಸಂ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಎಲ್ಲ ದಿಕ್ಕಿಗೂ ಒಂದೇ ಸಮನೆ ಬಾಗಿರಬೇಕು. ಅದು ಸಿಪ್ಪೆ ಅಡಿಕೆಯ ಹಾಗೆ ಉದ್ದಕ್ಕೊಂದು, ಅಡ್ಡಕ್ಕೊಂದು ಬಾಗಿದ್ದರೆ ಬೆಳಕು ಒಂದು ಬಿಂದುವಿಗೆ ಬಂದು ಸೇರುವುದಿಲ್ಲ. ಕತ್ತಲಲ್ಲಿ ಪಾಪೆ ಹಿಗ್ಗುವುದರಿಂದ ದೋಷ ಮತ್ತಷ್ಟು ಎದ್ದು ಕಾಣುತ್ತದೆ. ಹಗಲು ಅದೇ ಪಾಪೆ ಕುಗ್ಗಿ ಅದನ್ನು ಮುಚ್ಚಿಡುತ್ತದೆ. ಚುಕ್ಕೆ ಹೊಳೆದಷ್ಟೂ ಬಾಲವೂ ಎದ್ದು ಕಾಣುತ್ತದೆ. ಹಾಗಾಗಿ ರಾತ್ರಿ ಅದರ ಪ್ರಕಾಶವನ್ನು, ಅದು ಕಂಡೂ ಕಾಣದಷ್ಟರ ಮಟ್ಟಿಗೆ ಇಳಿಸಿ ನೋಡಿ. ಅರ್ಧ ಜನರ ತಕರಾರು ಅಲ್ಲಿಗೇ ಮುಗಿಯುತ್ತದೆ.

ಉಳಿದವರಿಗೆ ಕನ್ನಡಕ ಬೇಕು. ಚೀಟಿಯಲ್ಲಿ ಸಿಲಿಂಡರ್ ನಂಬರಿನ (ಆಸ್ಟಿಗ್ಮಾಟಿಸಂ ಸರಿಪಡಿಸುವ ನಂಬರ್) ಪಕ್ಕದಲ್ಲೇ ಆಕ್ಸಿಸ್ ಅಂತ, ಅದನ್ನು ಯಾವ ದಿಕ್ಕಿಗೆ ಕೂರಿಸಬೇಕೆಂದು ಹೇಳುವ ಒಂದು ಅಂಕಿ ಇರುತ್ತದೆ. ಅದು 10 ಡಿಗ್ರಿ ತಪ್ಪಿದರೆ ಸಿಲಿಂಡರಿನ ಪ್ರಯೋಜನದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಯಿತು; 30 ಡಿಗ್ರಿ ತಪ್ಪಿದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಓರೆಯಾದ ಫ್ರೇಮನ್ನು ಹಾಗೇ ಮೂಗಿಗೇರಿಸಿಕೊಂಡು ಸೈಟನ್ನು ಬೈಯುವವರು ಕಡಿಮೆಯೇನಲ್ಲ. ಇನ್ನೊಂದು ಸೂಕ್ಷ್ಮವಿದೆ. ಕೋವಿಯ ಹಿಡಿಗೆ ಕೆನ್ನೆ ಒತ್ತಿದಾಗ ನೀವು ನೋಡುವುದು ಗಾಜಿನ ನಡುವಿನಿಂದಲ್ಲ, ಮೂಗಿನ ಬದಿಯ ಮೇಲ್ಮೂಲೆಯಿಂದ. ಸ್ಪರ್ಧೆಯ ರೈಫಲ್ ಶೂಟರ್‌ಗಳು ಗಾಜನ್ನು ಬೇಕಾದ ಕಡೆಗೆ ಸರಿಸಬಹುದಾದ ಫ್ರೇಮ್ ಹಾಕುವುದು ಇದಕ್ಕೇ. ನಮ್ಮಲ್ಲಿ ಅಷ್ಟೆಲ್ಲ ಬೇಡ. ಕ್ಲಿನಿಕ್ಕಿಗೆ ಬರುವಾಗ ಒಂದು ಕೊಡೆ ತನ್ನಿ (ಕೋವಿ ದಯವಿಟ್ಟು ಮನೆಯಲ್ಲಿರಲಿ). ಅದನ್ನು ಕೋವಿಯ ಹಾಗೆ ಹಿಡಿದು ನಿಂತರೆ, ನೋಟ ಹಾಯುವ ಜಾಗಕ್ಕೆ ಗಾಜಿನ ಮೇಲೆ ಪೆನ್ನಿನಿಂದ ಗುರುತು ಹಾಕುತ್ತೇನೆ. ಗಾಜಿನ ಕೇಂದ್ರವನ್ನು ಅಲ್ಲಿಗೆ ತರಿಸಬಹುದು. ಓದುವ ತುಂಡು ಕೂಡಿದ ಬೈಫೋಕಲ್ ಈ ಕೆಲಸಕ್ಕೆ ಬೇಡ, ದೂರದ ನಂಬರ್ ಮಾತ್ರ ಸಾಕು.

ಕನ್ನಡಕ ಹಾಕಲು ಮನಸ್ಸಿಲ್ಲದವರಿಗೆ ನಾನು ಹೇಳುವುದು ಪ್ರಿಸಂ ಸೈಟ್. ಅದರಲ್ಲಿ ಗುರುತನ್ನು ಗಾಜಿನ ಮೇಲೇ ಕೊರೆದಿರುತ್ತಾರೆ. ದೀಪ ಆರಿಸಿದರೂ ಕಪ್ಪು ಗೆರೆ ಕಾಣುತ್ತದೆ, ಹೊಳೆಯುವ ಚುಕ್ಕೆಯಷ್ಟು ಚೆದುರುವುದಿಲ್ಲ. ಆದರೆ ಕಣ್ಣಿಡುವ ತುದಿಯ ಡಯಾಪ್ಟರ್ ಬಳೆ ತಿರುಗಿಸಿದರೆ ಸಿಲಿಂಡರ್ ನಂಬರ್ ಸರಿಯಾಗುತ್ತದೆ ಎಂಬುದು ತಪ್ಪು; ಅದರಿಂದ ಸರಿಯಾಗುವುದು ಮಾಮೂಲಿ ಪ್ಲಸ್–ಮೈನಸ್ ಅಷ್ಟೇ. ಲೇಸರ್ ಬೆಳಕಿನಿಂದ ಗುರುತು ಮೂಡಿಸುವ ಹೊಲೊಗ್ರಾಫಿಕ್ ಸೈಟ್ ದುಬಾರಿ, ಅದರಲ್ಲೂ ಗುರುತು ಮಸುಕಾಗುವವರಿದ್ದಾರೆ. ಸ್ವತಃ ನೋಡದೆ ಕೊಳ್ಳಬೇಡಿ. ರೈಫಲಿಗಾದರೆ ಸಣ್ಣ ತೂತಿನ ಪೀಪ್ ಸೈಟ್ ಹಗಲಿಗೆ ಬಹಳ ಒಳ್ಳೆಯದು, ತೂತೇ ಪಾಪೆಯ ಕೆಲಸ ಮಾಡುತ್ತದೆ. ಕತ್ತಲಿಗೆ ಆಗದು. ಚರೆ ತೋಟೆಯ ಜೋಡುನಳಿಗೆಗೆ ಇದ್ಯಾವುದೂ ಬೇಡ, ನಳಿಗೆಯ ತುದಿಯ ಮಣಿ ಸಾಕು.

ಸರಿಯಾದ ಕನ್ನಡಕ ಹಾಕಿಯೂ ಬಾಲ ಹೋಗದಿದ್ದರೆ, ಅಥವಾ ಸಿಲಿಂಡರ್ ನಂಬರ್ ಸಲಸಲಕ್ಕೂ ಬದಲಾಗುತ್ತಿದ್ದರೆ, ಸೈಟಿನ ಮಾತನ್ನು ಬದಿಗಿಟ್ಟು ಬನ್ನಿ. ಹರೆಯದವರಲ್ಲಿ ಅದು ಕೆರಟೋಕೋನಸ್ (ಆ ಪಾರದರ್ಶಕ ಪದರವೇ ತೆಳುವಾಗಿ ಚೂಪಾಗುವ ರೋಗ) ಇರಬಹುದು, ವಯಸ್ಸಾದವರಲ್ಲಿ ಪೊರೆ. ಎರಡರ ಚಿಕಿತ್ಸೆಯೂ ಬೇರೆ. ಪೊರೆಯ ಆಪರೇಷನ್ ಆಗಬೇಕಿದ್ದರೆ ಸಿಲಿಂಡರನ್ನೂ ಸರಿಪಡಿಸುವ ಟೋರಿಕ್ ಲೆನ್ಸ್ ಇದೆ. ಕೋವಿ ಹಿಡಿಯುವವರೆಂದು ಸರ್ಜನ್‌ಗೆ ಮೊದಲೇ ಹೇಳಿಡಿ.