ಫೋರ್ಟ್ರೆಸ್: ಮಾರಿಯೋ ಆಟದ ನಡುದಾರಿಯ ಕೋಟೆ

ಕಾಸರಗೋಡಿನವರಿಗೆ ಕೋಟೆ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಬೇಕಲ ಉಂಟು, ಚಂದ್ರಗಿರಿ ಉಂಟು, ಹೊಸದುರ್ಗ ಉಂಟು, ಕುಂಬಳೆ ಹತ್ತಿರ ಆರಿಕ್ಕಾಡಿ ಉಂಟು. ಆದರೆ ಮನೆಯ ಹುಡುಗ ಟಿವಿ ಮುಂದೆ ಕೂತು 'ಈ ಫೋರ್ಟ್ರೆಸ್ ಒಂದು ಮುಗಿಸಿ ಊಟಕ್ಕೆ ಬರ್ತೇನೆ' ಅಂತಾನಲ್ಲ, ಆ ಕೋಟೆಯ ಸಂಗತಿಯೇ ಬೇರೆ. ಅದಕ್ಕೆ ಬುರುಜು ಇಲ್ಲ, ಕಾವಲು ಗೋಪುರ ಇಲ್ಲ, ಆಳುವ ರಾಜನೂ ಇಲ್ಲ. ಇರುವುದು ಕಪ್ಪು ಗೋಡೆ, ಕುದಿಯುವ ಲಾವಾ, ಕೊನೆಗೆ ಒಬ್ಬ ಮೈತುಂಬಿದ ಪೈಲ್ವಾನ.

ಮೊದಲು ಅರ್ಥ ನೋಡೋಣ. ಓಡುತ್ತಾ, ಹಾರುತ್ತಾ, ಮೆಟ್ಟಿಲಿನಿಂದ ಮೆಟ್ಟಿಲಿಗೆ ನೆಗೆಯುತ್ತಾ ಮುಂದೆ ಹೋಗುವ ಆಟಕ್ಕೆ ಪ್ಲಾಟ್‌ಫಾರ್ಮ್ ಗೇಮ್ ಅಂತಾರೆ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು ಜಪಾನಿನ ನಿಂಟೆಂಡೋ ಕಂಪೆನಿಯ ಸೂಪರ್ ಮಾರಿಯೋ. ಆಟ ಹಲವು ವರ್ಲ್ಡ್‌ಗಳಾಗಿ, ಒಂದೊಂದು ವರ್ಲ್ಡ್ ಹಲವು ಲೆವೆಲ್‌ಗಳಾಗಿ ಹಂಚಿಹೋಗಿರುತ್ತದೆ. ಹುಲ್ಲುಗಾವಲು, ಮರಳುಗಾಡು, ನೀರು, ಹಿಮ, ಮೋಡ ಹೀಗೆ ಹೊರಗಿನ ನೋಟ ಬದಲಾಗುತ್ತಾ ಹೋಗುತ್ತದೆ. ಬದಲಾಗದೆ ಮತ್ತೆ ಮತ್ತೆ ಎದುರಾಗುವುದು ಕೋಟೆ. ಇದರಲ್ಲಿ ಎರಡು ಬಗೆ. ವರ್ಲ್ಡ್‌ನ ಕೊನೆಯಲ್ಲಿ ನಿಂತು ದೊಡ್ಡ ಬಾಸ್‌ನ (ಅಂದರೆ ಕೊನೆಗೆ ಸೋಲಿಸಬೇಕಾದ ಬಲಶಾಲಿ ವೈರಿಯ) ಮನೆಯಾಗಿರುವುದು ಕ್ಯಾಸಲ್. ದಾರಿಯ ನಡುವೆ ಅಡ್ಡ ನಿಂತು, ಚಿಕ್ಕ ಬಾಸ್ ಒಬ್ಬನನ್ನು ಇಟ್ಟುಕೊಂಡು, ಗೆದ್ದರೆ ಮಾತ್ರ ಮುಂದಿನ ದಾರಿ ಬಿಡುವುದು ಫೋರ್ಟ್ರೆಸ್.

ಶುರುವಿಗೆ ಫೋರ್ಟ್ರೆಸ್ ಇರಲಿಲ್ಲ, ಕ್ಯಾಸಲ್ ಒಂದೇ ಇತ್ತು. 1985ರಲ್ಲಿ ಬಂದ ಮೊದಲ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ 8 ವರ್ಲ್ಡ್, ಒಂದೊಂದರಲ್ಲಿ 4 ಲೆವೆಲ್, ಒಟ್ಟು 32. (ಕಾಸರಗೋಡು ಜಿಲ್ಲೆ ಆದದ್ದು 1984ರಲ್ಲಿ, ಅಂದರೆ ಮಾರಿಯೋಗಿಂತ ನಮ್ಮ ಜಿಲ್ಲೆ ಒಂದು ವರ್ಷ ದೊಡ್ಡದು.) ನಾಲ್ಕನೇ ಲೆವೆಲ್ ಯಾವಾಗಲೂ ಕ್ಯಾಸಲ್. ಗಲ್ಫಿನಿಂದ ಬಂದ ಮಾವನ ಪೆಟ್ಟಿಗೆಯಿಂದಲೋ, ಪೇಟೆಯ ಅಂಗಡಿಯಿಂದಲೋ ಟಿವಿ ಗೇಮ್ ಮನೆಗೆ ಬಂದು, ಕ್ಯಾಸೆಟ್ ಊದಿ ಊದಿ ಹಾಕಿ ಆಡಿದವರಿಗೆ 1-4 (ಮೊದಲ ವರ್ಲ್ಡ್‌ನ ನಾಲ್ಕನೇ ಲೆವೆಲ್) ಅಂದರೆ ಈಗಲೂ ನೆನಪಿರುತ್ತದೆ. ಅಲ್ಲಿಯವರೆಗೆ ತಲೆಯ ಮೇಲೆ ಆಕಾಶ ಇತ್ತು, ಎಷ್ಟು ಬೇಕಾದರೂ ಹಾರಬಹುದಿತ್ತು. ಒಳಗೆ ಕಾಲಿಟ್ಟ ಕೂಡಲೇ ಮಾಡು ಬಂತು. ಸುತ್ತ ಬೂದು ಇಟ್ಟಿಗೆ, ಹಿಂದೆ ಬರೀ ಕಪ್ಪು, ಕೆಳಗೆ ಲಾವಾ. ಬೆಂಕಿಯುಂಡೆಗಳನ್ನು ಪೋಣಿಸಿದ ಕೋಲು ಒಂದೇ ಕಡೆ ನಿಂತು ಗಿರಗಿರ ತಿರುಗುತ್ತದೆ. ಕೊಜಿ ಕೊಂಡೊ ಮಾಡಿದ ಪುಟ್ಟ ಸಂಗೀತದ ತುಣುಕು ಬಿಡದೆ ಸುತ್ತುತ್ತದೆ, ಅದು ಕಿವಿಗೆ ಬಿದ್ದರೆ ಕೈ ತಾನಾಗಿ ಬೆವರುತ್ತದೆ.

ಬಾಸ್ ಕಾಣುವ ಮೊದಲೇ ಅವನು ಉಗುಳಿದ ಬೆಂಕಿ ಬಲಗಡೆಯಿಂದ ತೇಲಿ ಬರುತ್ತದೆ. ಆಮೇಲೆ ಸೇತುವೆ, ಅದರ ಮೇಲೆ ಆ ಬಾಸ್ ಬೌಸರ್, ಅವನ ಹಿಂದೆ ಒಂದು ಕೊಡಲಿ. ಅವನನ್ನು ದಾಟಿ ಕೊಡಲಿ ಮುಟ್ಟಿದರೆ ಸೇತುವೆ ಕಳಚಿ ಅವನು ಲಾವಾಕ್ಕೆ ಬೀಳುತ್ತಾನೆ. ಅಷ್ಟಾದ ಮೇಲೆ ಮಾರಿಯೋ ಬಿಡಿಸಲು ಹೊರಟ ರಾಜಕುಮಾರಿ ಇರಬೇಕಾದ ಜಾಗದಲ್ಲಿ ಅಣಬೆ ಟೋಪಿಯವನೊಬ್ಬ ನಿಂತು 'ಥ್ಯಾಂಕ್ಸ್, ಆದರೆ ರಾಜಕುಮಾರಿ ಬೇರೆ ಕ್ಯಾಸಲ್‌ನಲ್ಲಿದ್ದಾಳೆ' ಅನ್ನುತ್ತಾನೆ. ಎಂತ ಮಾಡುವುದು ಮಾರಾಯ್ರೇ! ಏಳು ಸಲ ಇದೇ ಮಾತು. ಮೊದಲ ಏಳು ಬೌಸರ್‌ಗಳೂ ವೇಷ ಹಾಕಿದವರು. ಬೆಂಕಿಯುಂಡೆ ಹೊಡೆದು ಬೀಳಿಸಿದರೆ ನಿಜರೂಪ ಕಾಣುತ್ತದೆ. ಮೊದಲನೆಯವನು ಗೂಂಬಾ, ಅಂದರೆ ಆಟದ ಮೊದಲ ನಿಮಿಷದಲ್ಲೇ ತುಳಿದು ಬಿಸಾಡಿದ ಅದೇ ಕಂದು ಪೀಡೆ. ಎಂಟನೆಯವನು ಮಾತ್ರ ಅಸಲಿ.

ಈ ಕ್ಯಾಸಲ್‌ಗಳಲ್ಲಿ ಒಂದು ಸಣ್ಣ ಮೋಸವೂ ಇದೆ. 4-4, 7-4, 8-4 ಇವು ಗೋಜಲು ದಾರಿಗಳು. ಮೇಲಿನ ದಾರಿ ಹಿಡಿಯಬೇಕಾದಲ್ಲಿ ಕೆಳಗಿನದು ಹಿಡಿದರೆ ಅದೇ ಜಾಗ ಮತ್ತೆ ಬರುತ್ತದೆ. ತಪ್ಪಾಯಿತು ಅಂತ ಆಟ ಬಾಯಿಬಿಟ್ಟು ಹೇಳುವುದಿಲ್ಲ. ಗಡಿಯಾರ ಮಾತ್ರ ಇಳಿಯುತ್ತಾ ಇರುತ್ತದೆ. ತಾನು ಸುತ್ತು ಹೊಡೆಯುತ್ತಿದ್ದೇನೆ ಅಂತ ಗೊತ್ತಾಗುವ ಹೊತ್ತಿಗೆ ಟೈಮ್ ಮುಗಿದಿರುತ್ತದೆ.

ಇಡೀ ಆಟ ಹಿಡಿದದ್ದು ಬರೀ 40 ಕಿಲೋಬೈಟ್‌ನಲ್ಲಿ. ಈಗ ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೋ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದಿರುತ್ತದೆ. ಹಾಗಾಗಿ ಎಂಟೂ ಕ್ಯಾಸಲ್‌ಗಳು ಹೆಚ್ಚುಕಮ್ಮಿ ಒಂದೇ ಇಟ್ಟಿಗೆ, ಒಂದೇ ಲಾವಾದಲ್ಲಿ ಕಟ್ಟಿದವು.

ನಿಜವಾದ ಫೋರ್ಟ್ರೆಸ್ ಬಂದದ್ದು 1988ರಲ್ಲಿ, ಸೂಪರ್ ಮಾರಿಯೋ ಬ್ರದರ್ಸ್ 3ರ ಜೊತೆ. ಈ ಕ್ಯಾಸೆಟ್‌ನಲ್ಲಿ ಜಾಗ 384 ಕಿಲೋಬೈಟ್, ಮೊದಲಿನದರ ಒಂಬತ್ತು ಪಟ್ಟಿಗಿಂತ ಜಾಸ್ತಿ. ಲೆವೆಲ್‌ಗಳನ್ನು ಒಂದರ ಹಿಂದೆ ಒಂದು ಸುಮ್ನೆ ಪೋಣಿಸುವ ಬದಲು ಇಲ್ಲಿ ಮ್ಯಾಪ್ ಬಂತು. ಮ್ಯಾಪ್‌ನಲ್ಲಿ ದಾರಿಗಳು ಕವಲೊಡೆಯುತ್ತವೆ, ಕೆಲವು ಕಡೆ ಬೀಗ ಬಿದ್ದಿರುತ್ತದೆ. ಬೀಗದ ಕೀ ಫೋರ್ಟ್ರೆಸ್‌ನಲ್ಲಿ. ಒಳಗೆ ಹೋಗಿ ಗೆದ್ದು ಬಂದರೆ ಮ್ಯಾಪ್ ಮೇಲಿದ್ದ ಕೋಟೆ ಕುಸಿದು ಕಲ್ಲಿನ ರಾಶಿಯಾಗುತ್ತದೆ, ಬೀಗ ಮಾಯವಾಗುತ್ತದೆ. ಮೊದಲ ವರ್ಲ್ಡ್‌ನಲ್ಲಿ ಒಂದೇ ಫೋರ್ಟ್ರೆಸ್, ಹಿಮದ ಆರನೇ ವರ್ಲ್ಡ್‌ನಲ್ಲಿ ಮೂರು. ಮೊದಲ ಏಳು ವರ್ಲ್ಡ್‌ಗಳ ಕೊನೆಯ ಯುದ್ಧ ನಡೆಯುವುದು ಹಾರುವ ಹಡಗಿನಲ್ಲಿ. ಅಂದರೆ ಕೊನೆಯ ಕೆಲಸ ಹಡಗಿಗೆ ಹೋಯಿತು, ನಡುವಿನ ಕೆಲಸ ಕೋಟೆಗೆ ಉಳಿಯಿತು.

ನನಗೆ ತುಂಬಾ ಹಿಡಿಸುವ ನಿಯಮ ಒಂದಿದೆ. ಹಳೆಯ ಕ್ಯಾಸೆಟ್‌ನಲ್ಲಿ ಆಟ ಸೇವ್ ಮಾಡಲು ಆಗುತ್ತಿರಲಿಲ್ಲ. ಜೀವ ಎಲ್ಲ ಮುಗಿದು ಗೇಮ್ ಓವರ್ ಆಗಿ ಮತ್ತೆ ಮುಂದುವರಿಸಿದರೆ ಆ ವರ್ಲ್ಡ್‌ನಲ್ಲಿ ಗೆದ್ದಿದ್ದ ಮಾಮೂಲಿ ಲೆವೆಲ್‌ಗಳೆಲ್ಲ ಮತ್ತೆ ಎದ್ದು ನಿಲ್ಲುತ್ತವೆ. ಆದರೆ ಬಿದ್ದ ಫೋರ್ಟ್ರೆಸ್ ಬಿದ್ದೇ ಇರುತ್ತದೆ, ತೆರೆದ ಬೀಗ ತೆರೆದೇ ಇರುತ್ತದೆ. ಹೀಗಾಗಿ ಸಾಯುವುದು ಖಾತ್ರಿ ಅಂತ ಗೊತ್ತಿದ್ದರೂ, ಇನ್ನೊಂದೇ ಜೀವ ಉಳಿದಿದ್ದರೂ, ಫೋರ್ಟ್ರೆಸ್ ಮುಗಿಸಿ ಸಾಯುವುದರಲ್ಲಿ ಲಾಭವಿದೆ. ಹುಡುಗ ಊಟಕ್ಕೆ ತಡ ಮಾಡುವುದರ ಹಿಂದೆ ಲೆಕ್ಕ ಇದೆ ಅಂತಾಯಿತು!

ಫೋರ್ಟ್ರೆಸ್ ಒಳಗೆ ಏನಿರುತ್ತದೆ ಅನ್ನುವುದಕ್ಕಿಂತ ಅದು ಆಡುವವರನ್ನು ಏನು ಮಾಡುತ್ತದೆ ಅನ್ನುವುದು ಮುಖ್ಯ. ಹೊರಗಿನ ಲೆವೆಲ್‌ಗಳಲ್ಲಿ ಮಾರಿಯೋ ಆಟದ ಮಜಾ ಇರುವುದು ಓಟದಲ್ಲಿ. ಬಟನ್ ಒತ್ತಿ ಹಿಡಿದು ಬಲಕ್ಕೆ ಓಡುತ್ತಾ ಹೋದರೆ ಅರ್ಧ ಕಷ್ಟ ತಾನಾಗಿ ಹಿಂದೆ ಬೀಳುತ್ತದೆ. ಕೋಟೆಯೊಳಗೆ ಅದೇ ಓಟ ಕುತ್ತಿಗೆಗೆ ಬರುತ್ತದೆ. ಅಲ್ಲಿ ನಿಲ್ಲಬೇಕು, ನೋಡಬೇಕು, ಆಮೇಲೆ ಹೆಜ್ಜೆ ಇಡಬೇಕು. ಮೂರನೇ ಆಟದಲ್ಲಿ ಹೊಸದಾಗಿ ಬಂದ ಮೂರು ಪ್ರಾಣಿಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ.

ಡ್ರೈ ಬೋನ್ಸ್ ಅಂದರೆ ಎಲುಬಿನ ಆಮೆ. ತುಳಿದರೆ ಗಲಗಲ ಅಂತ ಎಲುಬೆಲ್ಲ ಕಳಚಿ ಬೀಳುತ್ತದೆ. ಗೆದ್ದೆ ಅಂತ ಅಲ್ಲೇ ನಿಂತರೆ ಸ್ವಲ್ಪ ಹೊತ್ತಿಗೆ ನಡುಗುತ್ತಾ ಮತ್ತೆ ಜೋಡಿಕೊಂಡು ಎದ್ದು ಬರುತ್ತದೆ. ಬೆಂಕಿಯುಂಡೆ ಹೊಡೆದರೂ ಅದಕ್ಕೆ ಏನೂ ಆಗುವುದಿಲ್ಲ. ತುಳಿದು ಗಳಿಸುವುದು ಗೆಲುವಲ್ಲ, ದಾಟಿಕೊಳ್ಳಲು ನಾಲ್ಕು ಗಳಿಗೆ ಅಷ್ಟೇ. ಥ್ವಾಂಪ್ ಅಂದರೆ ಸಿಡುಕು ಮುಖದ ಕಲ್ಲು. ಮೇಲೆ ತೂಗಿಕೊಂಡಿರುತ್ತದೆ, ಹತ್ತಿರ ಹೋದರೆ ಧಡ್ ಅಂತ ಬೀಳುತ್ತದೆ, ಆಮೇಲೆ ನಿಧಾನಕ್ಕೆ ಏರುತ್ತದೆ. ಅದು ಏರುವ ಹೊತ್ತೇ ನಮ್ಮ ದಾರಿ. ಬೇಕಂತಲೇ ಒಂದು ಹೆಜ್ಜೆ ಮುಂದಿಟ್ಟು, ಬೀಳಿಸಿ, ಹಿಂದೆ ಸರಿದು, ಆಮೇಲೆ ನುಗ್ಗಬೇಕು. ಮೂರನೆಯದು ಬೂ, ಬಿಳಿ ಭೂತ. ಮುಖ ಕೊಟ್ಟು ನೋಡಿದರೆ ನಾಚಿ ಮುಖ ಮುಚ್ಚಿಕೊಂಡು ನಿಲ್ಲುತ್ತದೆ. ಬೆನ್ನು ತಿರುಗಿಸಿದರೆ ಅಟ್ಟಿಸಿಕೊಂಡು ಬರುತ್ತದೆ. ಇದು ಹುಟ್ಟಿದ ಕತೆಯನ್ನು ಮಾರಿಯೋನನ್ನು ಸೃಷ್ಟಿಸಿದ ಶಿಗೆರು ಮಿಯಾಮೊಟೊ ಹೇಳಿದ್ದಾರೆ. ಜೊತೆಗೆ ಕೆಲಸ ಮಾಡುತ್ತಿದ್ದ ತೆಜುಕಾ ಅವರ ಹೆಂಡತಿ ಮೆದು ಸ್ವಭಾವದವರಂತೆ. ಗಂಡ ಹಗಲೂ ರಾತ್ರಿ ಆಫೀಸಿನಲ್ಲೇ ಇರುವುದನ್ನು ನೋಡಿ ನೋಡಿ ಒಂದು ದಿನ ಸಿಟ್ಟು ಒಡೆದೇ ಬಿಟ್ಟಿತಂತೆ. ಅಲ್ಲಿಂದ ಈ ಭೂತ. ಆ ಅಮ್ಮನಿಗೆ ಇದು ಗೊತ್ತಾದಾಗ ಮನೆಯಲ್ಲಿ ಏನಾಯಿತೋ!

ಕೊನೆಯ ಕೋಣೆಯಲ್ಲಿ ಬೂಮ್ ಬೂಮ್ ಇರುತ್ತಾನೆ. ಕೈ ಬೀಸುತ್ತಾ ಮೇಲೆ ಬೀಳುತ್ತಾನೆ, ಮೂರು ಸಲ ತಲೆ ತುಳಿದರೆ ಮುಗಿಯಿತು. ಮುಂದಿನ ಕೋಟೆಗಳಲ್ಲಿ ಅವನಿಗೆ ರೆಕ್ಕೆಯೂ ಬರುತ್ತದೆ. ಬಾಸ್ ಅಂತ ನೋಡಿದರೆ ಅವನು ಅಷ್ಟಕ್ಕಷ್ಟೇ. ಆದರೆ ಅದೇ ಸರಿ ಅಂತ ನನ್ನ ಅನಿಸಿಕೆ. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಬಂದವರಿಗೆ ಮನಸ್ಸು ಬಿಚ್ಚಿ ಹಾರಿ ತುಳಿಯಲು ಒಬ್ಬ ಬೇಕಲ್ವಾ?

ಬೇಕಲ ನೋಡಿದವರಿಗೆ ಇಲ್ಲಿ ಒಂದು ತಮಾಷೆ ಕಾಣಿಸುತ್ತದೆ. 1650ರ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಆ ಕೆಂಪುಕಲ್ಲಿನ ಕೋಟೆ ಸುಮಾರು 40 ಎಕರೆ ಹರಡಿದೆ. ಅದರ ಬುದ್ಧಿಯೆಲ್ಲ ಹೊರಗಿನವರನ್ನು ಹೊರಗೇ ಇಡುವುದರಲ್ಲಿದೆ. ಒಳಗೆ ನೇರ ನುಗ್ಗಲು ಆಗದ ಹಾಗೆ ಬಾಗಿಲ ದಾರಿ ಅಂಕುಡೊಂಕು. ಗೋಡೆಯ ತೂತುಗಳಿಗೆ ಒಂದೊಂದಕ್ಕೂ ಒಂದೊಂದು ಕೋನ. ಮೇಲಿನದು ದೂರದ ಗುರಿಗೆ, ಅದರ ಕೆಳಗಿನದು ಹತ್ತಿರದ್ದಕ್ಕೆ, ತೀರಾ ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಮಾರಿಯೋ ಕೋಟೆಯಲ್ಲಿ ಇದು ಪೂರ್ತಿ ಉಲ್ಟಾ. ಬಾಗಿಲು ತೆರೆದಿರುತ್ತದೆ, ಕೇಳುವವರಿಲ್ಲ. ಅಂಕುಡೊಂಕು, ತೂತು, ಬೆಂಕಿ ಎಲ್ಲ ಇರುವುದು ಒಳಗೆ ಬಂದ ಮೇಲೆ. ತನ್ನ ಮನೆಯ ನಡುಮನೆಯಲ್ಲೇ ಲಾವಾ ಹರಿಸಿಕೊಂಡು ಬೌಸರ್ ಹೇಗೆ ಸಂಸಾರ ಮಾಡುತ್ತಾನೋ ದೇವರಿಗೇ ಗೊತ್ತು. ಶಿವಪ್ಪ ನಾಯಕ ನೋಡಿದ್ದರೆ ಮೇಸ್ತ್ರಿಯನ್ನು ಅಂದೇ ಮನೆಗೆ ಕಳಿಸುತ್ತಿದ್ದ. ಆದರೆ ಬೌಸರ್‌ನ ಕೋಟೆ ಕಟ್ಟಿದ್ದು ಆಡುವವರಿಗಾಗಿ. ಹೊರಗೇ ತಡೆದರೆ ಆಟ ಎಲ್ಲಿ ಉಳಿಯಿತು?

1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಕ್ಯಾಸಲ್ ಮತ್ತು ಫೋರ್ಟ್ರೆಸ್ ಎರಡೂ ಒಟ್ಟಿಗೆ ಬಂದವು. ಭೂತಗಳಿಗೆ ಅಲ್ಲಿ ಬೇರೆಯೇ ಮನೆ ಸಿಕ್ಕಿತು, ಗೋಸ್ಟ್ ಹೌಸ್ ಅಂತ. ಗೊಂದಲ ಹುಟ್ಟಿಸುವ ಬಾಗಿಲುಗಳೂ ಹೆಚ್ಚಾಗಿ ಅದರ ಪಾಲಾದವು. ಫೋರ್ಟ್ರೆಸ್‌ಗೆ ಉಳಿದದ್ದು ಮೊಳೆ, ಗರಗಸ, ಲಾವಾ. ಬಾಸ್ ಕೂಡ ಬದಲು. ರೆಜ್ನರ್ ಅಂತ ಕೊಂಬಿರುವ ನಾಲ್ಕು ಡೈನೋಸಾರ್‌ಗಳು ತಿರುಗುವ ಚಕ್ರದ ಮೇಲೆ ಕೂತು ಬೆಂಕಿ ಉಗುಳುತ್ತವೆ. ಅವು ಕೂತ ಹಲಗೆಗೆ ಕೆಳಗಿನಿಂದ ಗುದ್ದಬೇಕು, ಅಷ್ಟರಲ್ಲಿ ನಾವು ನಿಂತ ಸೇತುವೆಯೇ ಕಳಚತೊಡಗುತ್ತದೆ. ಕ್ಯಾಸಲ್ ಗೆದ್ದಾಗ ಅದನ್ನು ಬೀಳಿಸುವ ಪುಟ್ಟ ದೃಶ್ಯ ಬರುತ್ತದೆ. ಒಂದನ್ನು ಮಾರಿಯೋ ಸಿಡಿಮದ್ದು ಇಟ್ಟು ಉಡಾಯಿಸುತ್ತಾನೆ, ಇನ್ನೊಂದನ್ನು ನೆಲ ಒರೆಸುವ ಮಾಪ್ ಹಿಡಿದು ಉಜ್ಜಿ ಅಳಿಸಿಯೇ ಹಾಕುತ್ತಾನೆ. ಬಿದ್ದ ಕೋಟೆಗೆ ಮತ್ತೆ ಹೋಗಬೇಕು ಅಂತಾದರೆ ಅದರ ಮೇಲೆ ನಿಂತು ಎಲ್ ಮತ್ತು ಆರ್ ಬಟನ್ ಒಟ್ಟಿಗೆ ಒತ್ತಬೇಕು. ಇದು ಗೊತ್ತಿಲ್ಲದೆ ಕೂತವರು ಬಹಳ.

2006ರಲ್ಲಿ ಬಂದ ನ್ಯೂ ಸೂಪರ್ ಮಾರಿಯೋ ಬ್ರದರ್ಸ್‌ನಿಂದ ಈ ನಡುದಾರಿಯ ಕೋಟೆ ಟವರ್ ಆಯಿತು. ಬಲಕ್ಕೆ ನಡೆಯುವ ಬದಲು ಹೆಚ್ಚಾಗಿ ಮೇಲಕ್ಕೆ ಹತ್ತುವುದು, ತುದಿಯಲ್ಲಿ ಬೌಸರ್‌ನ ಮಗ. 2012ರ ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ಯು ಆಟದ ಟವರ್‌ಗಳಿಗೆ ಬೂಮ್ ಬೂಮ್ ವಾಪಸ್ ಬಂದ. ಹೆಸರು ಬದಲಾದರೂ ಕೆಲಸ ಅದೇ, ಅರ್ಧ ದಾರಿಯಲ್ಲಿ ತಡೆದು ನಿಲ್ಲಿಸುವುದು.

ಬೇರೆ ಸರಣಿಗಳಲ್ಲೂ ಫೋರ್ಟ್ರೆಸ್ ಅನ್ನುವ ಮಾತು ಕೇಳಿಬರುತ್ತದೆ. 1987ರಲ್ಲಿ ಶುರುವಾದ ಮೆಗಾ ಮ್ಯಾನ್‌ನಲ್ಲಿ ಡಾಕ್ಟರ್ ವೈಲಿಯ ಕೋಟೆ ಬರುತ್ತದೆ. ಅದು ನಡುವೆ ಬರುವುದಲ್ಲ, ಎಲ್ಲ ರೋಬೋಗಳನ್ನು ಗೆದ್ದ ಮೇಲೆ ಕೊನೆಗೆ ಬರುವುದು. ಅಲ್ಲಿ ಗೆದ್ದ ರೋಬೋಗಳ ಜೊತೆ ಮತ್ತೊಮ್ಮೆ ಸೆಣಸಬೇಕು. ಹಾಗಾಗಿ ಫೋರ್ಟ್ರೆಸ್ ಅಂದರೆ ಮೆಗಾ ಮ್ಯಾನ್ ಆಡಿದವರಿಗೆ ಆಟ ಮುಗಿಯಲು ಬಂತು ಅಂತ, ಮಾರಿಯೋ ಆಡಿದವರಿಗೆ ಇನ್ನೂ ಅರ್ಧ ಬಾಕಿ ಅಂತ.

ಒಂದೇ ಒಂದು ಫೋರ್ಟ್ರೆಸ್ ಆಡಿ ನೋಡುವುದಾದರೆ ಮೂರನೇ ಆಟದ ಮೊದಲ ವರ್ಲ್ಡ್‌ನದ್ದು ಆಡಿ. ಲಾವಾ, ಎಲುಬಿನ ಆಮೆ, ಮೊಳೆ ತುಂಬಿ ಮೇಲಿನಿಂದ ಇಳಿಯುವ ಮಾಡು, ಕೊನೆಗೆ ಬೂಮ್ ಬೂಮ್, ಎಲ್ಲ ಎರಡು ಮೂರು ನಿಮಿಷದಲ್ಲಿ. ಅದರಲ್ಲೊಂದು ಗುಟ್ಟೂ ಇದೆ. ಬಾಲ ಇರುವ ಮಾರಿಯೋ ಆಗಿ, ಮೊದಲ ಬಾಗಿಲ ಹತ್ತಿರ ಎಲುಬಿನ ಆಮೆಯನ್ನು ಬೀಳಿಸಿ, ಹಿಂದಕ್ಕೆ ಹೋಗಿ ಓಡಿಕೊಂಡು ಬಂದು ಹಾರಿ. ಮಾಡು ದಾಟಿ ಮೇಲಕ್ಕೆ ಹೋಗಬಹುದು. ಮಾಡಿನ ಹಿಂದೆ ಕಣ್ಣಿಗೆ ಕಾಣದೆ ಬಲಕ್ಕೆ ನಡೆದು, ಗೋಡೆ ಸಿಕ್ಕಿದಲ್ಲಿ ಮೇಲಿನ ಬಟನ್ ಒತ್ತಿದರೆ ಒಂದು ಪೆಟ್ಟಿಗೆಯ ಕೋಣೆ. ಅದರಲ್ಲಿರುವ ಸೀಟಿ ಊದಿದರೆ ವರ್ಲ್ಡ್‌ಗಳನ್ನೇ ಹಾರಿ ಹೋಗಬಹುದು. ಆದರೆ ಮೊದಲ ಸಲ ಆಡುವವರು ಸೀಟಿ ಕೈಯಲ್ಲಿದ್ದರೂ ಊದಬೇಡಿ, ಮೂರನೇ ವರ್ಲ್ಡ್‌ನ ಸಾಲು ಬಾಗಿಲಿನ ಫೋರ್ಟ್ರೆಸ್ ತಪ್ಪಿಹೋಗಬಹುದು.