ಹೊಟ್ಟೆನೋವು ಖರೆ, ಅದಕ್ಕೆ ರಜೆ ಮದ್ದಲ್ಲ

“ಡಾಕ್ಟ್ರ, ಒಂದು ಹದಿನೈದು ದಿನ ರೆಸ್ಟ್ ಅಂತ ಸರ್ಟಿಫಿಕೇಟ್ ಬರದುಕೊಡ್ರಿ. ಪೂರಾ ಆರಾಮ ಆದಮ್ಯಾಲೆ ಸಾಲಿಗಿ ಕಳಸ್ತೀವಿ.”

ಜೂನ್‌ನಲ್ಲಿ ಶಾಲೆ ಶುರುವಾದಾಗ ಒಮ್ಮೆ, ದಸರಾ ರಜೆ ಮುಗಿದಾಗ ಇನ್ನೊಮ್ಮೆ, ವಿಜಯಪುರದ ನನ್ನ ದವಾಖಾನೆಯಲ್ಲಿ ಈ ಮಾತಿನ ಸುಗ್ಗಿ. ಜೊತೆಗೆ ಎಂಟು-ಹತ್ತು ವರ್ಷದ ಮಗು, ಕ್ಯಾರಿಬ್ಯಾಗ್ ತುಂಬ ರಿಪೋರ್ಟು. ಬಟ್ಟಿ ಬಿದ್ದಿದೆ ಅಂತ ತಿಕ್ಕಿಸಿಯಾಗಿದೆ, ಜಂತಿನ ಗುಳಿಗೆ ಆಗಿದೆ, ದೃಷ್ಟಿ ತೆಗೆದಿದ್ದಾಗಿದೆ. ಸ್ಕ್ಯಾನಿನಲ್ಲಿ ಕರುಳಿನ ಸುತ್ತ ಸಣ್ಣ ಗ್ರಂಥಿಗಳಿವೆ ಎಂದು ಬರೆದಿದ್ದರಂತೂ ಮುಗೀತು, ಮನೆಯವರು ಅದನ್ನು ‘ಗಂಟು’ ಎಂದು ಓದಿ ಟಿಬಿಯವರೆಗೂ ಹೋಗಿ ಬಂದಿರುತ್ತಾರೆ. ಅಂಥ ಸಣ್ಣ ಗ್ರಂಥಿಗಳು ಆರೋಗ್ಯವಂತ ಮಕ್ಕಳಲ್ಲೂ ಕಾಣುತ್ತವೆ.

ನಾನು ಕೇಳುವುದು ಒಂದೇ: ರವಿವಾರ ನೋಯುತ್ತದೆಯೇ? ಅಪ್ಪ-ಅವ್ವ ಮುಖ ಮುಖ ನೋಡಿಕೊಳ್ಳುತ್ತಾರೆ. ಉತ್ತರ ಬರುವುದು ಹಿಂದೆ ನಿಂತ ಆಯಿಯಿಂದ. “ರವಿವಾರ ಏನೂ ಇಲ್ರಿ, ಬಿಸಿಲಾಗ ದಿನಾಪೂರ್ತಿ ಕ್ರಿಕೆಟ್ ಆಡ್ತಾನ.” ಅಷ್ಟು ಕೇಳಿದ್ದೇ ತಡ ಅಪ್ಪನ ಕೈ ಮೇಲೇಳುತ್ತದೆ: “ನಾಟಕ ಮಾಡ್ತಿಯೇನಲೇ?”

ಎಷ್ಟು ಸಲ ಹೇಳಿದರೂ ದಾಟದ ಮಾತು ಇದೇ. ನಮ್ಮವರ ಲೆಕ್ಕದಲ್ಲಿ ಇರುವುದು ಎರಡೇ, ಒಂದೋ ರೋಗ, ಇಲ್ಲವೇ ನಾಟಕ. ರೋಗವಾದರೆ ರಜೆ, ನಾಟಕವಾದರೆ ಏಟು. ಸ್ಕ್ಯಾನಿನಲ್ಲಿ ಏನೂ ಸಿಗದ ಆ ಮಗುವಿಗೆ ಬೆಳಿಗ್ಗೆ ಎಂಟಕ್ಕೆ ಹೊಕ್ಕಳ ಸುತ್ತ ಖರೇನೇ ಕಡಿಯುತ್ತದೆ. ಕರುಳಿಗೂ ಮಿದುಳಿಗೂ ನರಗಳ ಸಂಪರ್ಕ ಗಟ್ಟಿಯಾಗಿದೆ. ಅಂಜಿಕೆಯಾದಾಗ ಕರುಳಿನ ಚಲನೆ ಬದಲಾಗುತ್ತದೆ, ಸಣ್ಣ ಹಿಂಡುವಿಕೆಯೂ ದೊಡ್ಡ ನೋವಾಗಿ ತಿಳಿಯುತ್ತದೆ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ಎರಡೆರಡು ಸಲ ಸಂಡಾಸಕ್ಕೆ ಓಡಿದವರು ನೀವೂ ಇದ್ದೀರಿ. ಆಗ ನಾಟಕ ಮಾಡಿದ್ದಿರಾ?

ಹಾಗಂತ ರಜೆ ಕೊಟ್ಟರೆ ಏನಾಗುತ್ತದೆ? ಶಾಲೆಯ ವ್ಯಾನು ದಾಟಿ ಹೋದ ಅರ್ಧ ತಾಸಿಗೆ ನೋವು ಇಳಿಯುತ್ತದೆ. ಮನೆಯಲ್ಲಿ ಉಳಿದರೆ ಆರಾಮ ಎಂಬುದನ್ನು ಮಗು ಬೇಕೆಂದು ಕಲಿಯುವುದಿಲ್ಲ, ದೇಹ ತಾನೇ ಕಲಿತುಬಿಡುತ್ತದೆ. ಅಷ್ಟರಲ್ಲಿ ಹೋಂವರ್ಕು ಬಾಕಿ ಬಿದ್ದಿರುತ್ತದೆ, ಕೂರುವ ಜಾಗಕ್ಕೆ ಬೇರೆಯವರು ಬಂದಿರುತ್ತಾರೆ, “ಯಾಕ ಬಂದಿಲ್ಲ?” ಅನ್ನುವವರು ಹೆಚ್ಚಾಗಿರುತ್ತಾರೆ. ಮೊದಲ ದಿನ ಇದ್ದ ಅಂಜಿಕೆ ಹತ್ತನೆಯ ದಿನಕ್ಕೆ ದುಪ್ಪಟ್ಟು. “ಪೂರಾ ಆರಾಮ ಆದಮ್ಯಾಲೆ ಕಳಸ್ತೀವಿ” ಅನ್ನುವವರಿಗೆ ನಾನು ಹೇಳುವುದು, ಕಳಿಸಿರಿ, ಆಮೇಲೆ ಆರಾಮ ಆಗುತ್ತದೆ.

ವೈದ್ಯನಾಗಿ ಒಂದು ಎಚ್ಚರಿಕೆ. ನಿದ್ದೆಯಿಂದ ಎಬ್ಬಿಸುವ ನೋವು, ತೂಕ ಇಳಿಯುವುದು, ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಡದ ಜ್ವರ, ಹೊಕ್ಕಳದಿಂದ ದೂರ ಒಂದೇ ಕಡೆ ನೋವು, ಮೂತ್ರ ಉರಿ, ಇವುಗಳಲ್ಲಿ ಯಾವುದಿದ್ದರೂ ಈ ಅಂಕಣ ಪಕ್ಕಕ್ಕಿಟ್ಟು ಮಗುವನ್ನು ತೋರಿಸಿ. ಓದಿಕೊಂಡು ನೀವೇ ತೀರ್ಮಾನ ಮಾಡಬೇಡಿ.

ಇನ್ನು ಶಾಲೆಯ ಕಡೆ. ಬಬಲೇಶ್ವರ ಕಡೆಯ ಹಳ್ಳಿಯೊಂದರಿಂದ ಏಳನೆಯ ತರಗತಿಯ ಹುಡುಗಿ ಬಂದಿದ್ದಳು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ವಾರಕ್ಕೆ ಎರಡು ದಿನ ಗೈರು, ಪದೇಪದೇ ಮೂತ್ರದ ಸೋಂಕು. ಔಷಧಿ ಕೊಟ್ಟರೆ ಹೋಗುತ್ತದೆ, ಮತ್ತೆ ಬರುತ್ತದೆ. ಅವ್ವನನ್ನು ಹೊರಗೆ ಕೂರಿಸಿ ನಮ್ಮ ಸಿಸ್ಟರ್ ಮಾತಾಡಿಸಿದಾಗ ಹೊರಬಿತ್ತು: ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿಲ್ಲ, ಬಾಗಿಲು ಹುಡುಗರು ಆಡುವ ಬಯಲಿನ ಕಡೆಗಿದೆ. ಅಲ್ಲಿಗೆ ಹೋಗುವುದನ್ನು ತಪ್ಪಿಸಲು ಇವಳು ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಕ್ಷೀರಭಾಗ್ಯದ ಹಾಲನ್ನೂ ಗೆಳತಿಯ ಲೋಟಕ್ಕೆ ಸುರಿಯುತ್ತಿದ್ದಳು. ಅವ್ವನಿಗೆ ಗೊತ್ತಿಲ್ಲ, ಮಾಸ್ತರರಿಗೂ ಗೊತ್ತಿಲ್ಲ. ಹೆಡ್‌ಮಾಸ್ತರರಿಗೆ ಫೋನ್ ಹಚ್ಚಿದೆ. “ಇಷ್ಟೇ ಏನ್ರಿ ಸರ?” ಎಂದವರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೂ ಕಾಯದೆ ಅದೇ ಸಂಜೆ ಚಿಲಕ ತಂದು ಹಾಕಿಸಿದರು. ಒಳ್ಳೆಯ ಮನುಷ್ಯ. ಆದರೆ ಯಾರಾದರೂ ಹೇಳಬೇಕಲ್ಲ.

ಮನೆ-ಶಾಲೆಯ ನಡುವೆ ನಮ್ಮಲ್ಲಿ ಮಾತೇ ಕಡಿಮೆ. ಅಪ್ಪ ಶಾಲೆಗೆ ಹೋದರೆ ಆಡುವುದು, “ಕಣ್ಣೆರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸರ.” 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ಅಪ್ಪ ಅನುಮತಿ ಕೊಟ್ಟರೆ ಅದೇನು ರದ್ದಾಗುವುದಿಲ್ಲ. ಶಾಲೆಯವರು ಮನೆಗೆ ಫೋನ್ ಮಾಡುವುದು ದೂರು ಹೇಳಲಿಕ್ಕೆ. ಎರಡು ವಾರದ ನಂತರ ಹುಡುಗ ತರಗತಿಗೆ ಕಾಲಿಟ್ಟರೆ “ಬಂದ್ರಪಾ ಸಾಹೇಬ್ರು!” ಎಂದು ಸ್ವಾಗತ. ತರಗತಿ ನಗುತ್ತದೆ, ಮರುದಿನ ಬೆಳಿಗ್ಗೆ ಮತ್ತೆ ಹೊಟ್ಟೆನೋವು.

ತಿಕೋಟಾ ಕಡೆಯ ದ್ರಾಕ್ಷಿ ತೋಟದ ಮನೆಯ ಹುಡುಗನೊಬ್ಬ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯ ಕೋಚಿಂಗಿಗೆಂದು ಹಾಸ್ಟೆಲಿನಲ್ಲಿದ್ದ. ಅವನದೂ ಇದೇ ಹೊಟ್ಟೆನೋವು. ಅವನ ಮುತ್ಯಾ ನನಗೆ ಕಿವಿಯಲ್ಲಿ ಹೇಳಿದರು, “ಪರೀಕ್ಷಾ ಅವನದಲ್ರಿ, ಅವರಪ್ಪಂದು.” ಅಲ್ಲಿಗೆ ನನ್ನ ಅರ್ಧ ಕೆಲಸ ಮುಗಿದಿತ್ತು.

ಬಹಳ ದಿನ ಬಿಟ್ಟ ಮಗುವನ್ನು ಮೊದಲೆರಡು ದಿನ ಪ್ರಾರ್ಥನೆಯಿಂದ ಬಿಸಿಯೂಟದವರೆಗೆ ಕೂರಿಸಿ, ಆಮೇಲೆ ಪೂರ್ತಿ ದಿನ ಮಾಡಬಹುದು. ಅವ್ವನನ್ನು ಬಿಟ್ಟು ಇಳಿಯುವುದು ಕಷ್ಟವಾದರೆ ಕಾಕಾನೋ ಮುತ್ಯಾನೋ ಬಿಟ್ಟು ಬರಲಿ. ಗೇಟಿನಲ್ಲಿ ಪರಿಚಯದ ಒಬ್ಬ ಶಿಕ್ಷಕರು ಬರಮಾಡಿಕೊಳ್ಳಲಿ. ಮನೆಯಲ್ಲೇ ಉಳಿದರೆ ಬೈಯುವುದು ಬೇಡ, ಮೊಬೈಲೂ ಬೇಡ. ಎದ್ದ ಕೂಡಲೇ “ಹೊಟ್ಟಿ ಹ್ಯಾಂಗೈತಿ?” ಎಂದು ಕೇಳುವುದನ್ನಂತೂ ದಯವಿಟ್ಟು ಬಿಡಿ. ಇಷ್ಟಾದ ಮೇಲೂ ಮಗು ಒಬ್ಬ ವ್ಯಕ್ತಿಗೆ ಅಂಜುತ್ತಿದೆ ಅನ್ನಿಸಿದರೆ ಶಾಲೆಗೆ ನೂಕಬೇಡಿ, ಮೊದಲು ಕೇಳಿಸಿಕೊಳ್ಳಿ. ಮಕ್ಕಳ ಸಹಾಯವಾಣಿ 1098 ಇರುವುದೇ ಅದಕ್ಕೆ.

ಸರ್ಟಿಫಿಕೇಟ್ ಕೇಳಿದವರಿಗೆ ನಾನು ಹೆಡ್‌ಮಾಸ್ತರರ ಹೆಸರಿಗೆ ಚೀಟಿ ಬರೆದುಕೊಡುತ್ತೇನೆ: ಕೇಳಿದಾಗ ಸಂಡಾಸಕ್ಕೆ ಬಿಡಿ, ನೋವೆಂದರೆ ಆಫೀಸಿನಲ್ಲಿ ಹತ್ತು ನಿಮಿಷ ಕೂರಿಸಿ ಮತ್ತೆ ತರಗತಿಗೆ ಕಳಿಸಿ, ಇಡೀ ದಿನ ಕೂತರೆ ಸಂಜೆ ಮನೆಗೆ ಫೋನ್ ಮಾಡಿ ಅದನ್ನೂ ತಿಳಿಸಿ. ಅಪ್ಪ ಚೀಟಿ ತಿರುಗಿಸಿ ನೋಡುತ್ತಾರೆ. “ಮತ್ತ ಗುಳಿಗಿ?” ಗುಳಿಗೆ ಇಲ್ಲ. ಎರಡು ವಾರಕ್ಕೆ ಮತ್ತೆ ತೋರಿಸಿ, ಸಂಜೆ ಐದರ ಮೇಲೆ. ಶಾಲೆಯ ಹೊತ್ತಿನಲ್ಲಿ ಕರಕೊಂಡು ಬಂದರೆ ನಿಮ್ಮ ಪಾಳಿ ಎಲ್ಲರಿಗಿಂತ ಕೊನೆಗೆ.